ಮಾದೇಶ್ವರನ ಕಾವ್ಯವೂ ಕಾಡಿನ ಕಾಪೂ

ಕೊಳ್ಳೇಗಾಲದಿಂದ ಹನೂರಿನ ಮಾರ್ಗವಾಗಿ ಮಲೆಯ ಮಾದೇಶ್ವರನ ಬೆಟ್ಟಕ್ಕೆ ಹೋಗತಕ್ಕ ಯಾತ್ರಿಕರು ಕೌದಳ್ಳಿಯನ್ನು ಹಾಯ್ದು ಹೋಗುತ್ತಾರೆ. ಶಿವರಾತ್ರಿ, ಯುಗಾದಿ, ದೀಪಾವಳಿಗಳ ಕಾಲದಲ್ಲಿ ಕಾಲ್ನಡೆಯವರ ಸಾಲು ಹಗಲಿರುಳೆನ್ನದೆ ಈ ಊರಿನ ದಾರಿಯಲ್ಲಿ ಸಾಗುವುದು. ಅವರೊಡನೆ ಕಂಸಾಳೆಯ ಸದ್ದೂ ದೇವರಗುಡ್ಡರ ಪದವೂ ಬರುವುವು. ಆದುದರಿಂದ ಈ ಸೀಮೆಯವರಿಗೆ ಮಾದೇಶ್ವರನ ಕಾವ್ಯವು ಓದಿ ತಿಳಿದ ಗ್ರಂಥವಲ್ಲ. ತೊಟ್ಟಿಲಲ್ಲಿದ್ದಾಗಿನಿಂದ ಕಿವಿಗೆ ಬಿದ್ದ ಮಾತು. ಹಾಗೆ ಕೇಳಿ ಬಂದುದನ್ನು ವಿಮರ್ಶೆಯ ಒರೆಗಲ್ಲಿಗೆ ಹಚ್ಚುವುದೆಂದರೆ ಮನೆಯ ಹಿರಿಯರ ನುಡಿಯನ್ನು ತೂಗಿನೋಡಿದಂತಾಗಿ ಮನಸ್ಸಿಗೆ ಸ್ವಲ್ಪ ಸಂಕೋಚವುಂಟಾಗುವುದು ಸಹಜವೇ. ಆದರೆ ಈಚಿನ ಎರಡು ಸಂಗತಿಗಳು ಆ ಸಂಕೋಚವನ್ನು ಬದಿಗಿಡುವಂತೆ ಮಾಡಿವೆ.

ಮೊದಲನೆಯದು, ೨೦೨೩ರ ಮಾರ್ಚ್ ತಿಂಗಳಿನಲ್ಲಿ ಬೆಟ್ಟದ ಮೇಲೆ ಹುಲಿಯನ್ನೇರಿದ ಮಾದೇಶ್ವರನ ೧೦೮ ಅಡಿ ಎತ್ತರದ ವಿಗ್ರಹವು ಅನಾವರಣವಾದುದು. ಎರಡನೆಯದು, ೨೦೨೫ರ ಜೂನ್ ೨೬ರಂದು ಅದೇ ಮಲೆಗಳ ಹೂಗ್ಯಂ ವಲಯದಲ್ಲಿ ಒಂದು ತಾಯಿಹುಲಿಯೂ ಅದರ ನಾಲ್ಕು ಮರಿಗಳೂ ಸತ್ತು ಬಿದ್ದಿದ್ದುದು ಕಂಡುಬಂದುದು. ಹುಲಿಯು ಕೊಂದ ಹಸುವಿನ ಕಳೇಬರಕ್ಕೆ ವಿಷವಿಕ್ಕಿದುದೇ ಕಾರಣವೆಂದು ತನಿಖೆಯಿಂದ ಹೊರಪಟ್ಟಿತು. ಅಪರಾಧಿಗಳು ಯಾರೆಂಬ ನಿರ್ಣಯವು ನ್ಯಾಯಾಲಯದ ಕೆಲಸ. ಅದರಲ್ಲಿ ನಾವು ಕೈಯಿಡತಕ್ಕದ್ದಲ್ಲ. ಆದರೆ ಹುಲಿಯೇ ದೇವರ ವಾಹನವಾಗಿರುವ ನಾಡಿನಲ್ಲಿ, ಆ ದೇವರ ವಿಗ್ರಹವನ್ನು ಆಕಾಶದೆತ್ತರಕ್ಕೆ ನಿಲ್ಲಿಸಿ ಎರಡು ವರ್ಷ ಕಳೆದಿರುವಷ್ಟರಲ್ಲಿ, ಐದು ಹುಲಿಗಳು ವಿಷದಿಂದ ಮಡಿದುವೆಂದರೆ, ಆ ದೇವರ ಕಾವ್ಯವನ್ನು ಹಾಡುವವರೂ ಕೇಳುವವರೂ ಒಂದು ಗಳಿಗೆ ನಿಂತು ಯೋಚಿಸಬೇಕಾಗುವುದು. ನಾವು ಇಷ್ಟು ಕಾಲವೂ ಕೇಳಿದುದೇನು? ಕೇಳಿ ತಿಳಿದುದೇನು?

ಆ ಘಟನೆಯ ಅನಂತರ ಎದ್ದ ವಾದಗಳಲ್ಲಿ ಎರಡು ಪಕ್ಷದವರೂ ಮಾದೇಶ್ವರನ ಹೆಸರನ್ನೆತ್ತಿದರು. ಕಾಡನ್ನು ಕಾಯಬೇಕೆಂಬವರು, ಹುಲಿಯನ್ನೇರಿದ ದೇವರ ಭಕ್ತರು ಹುಲಿಯನ್ನು ಕೊಲ್ಲಬಹುದೆ ಎಂದರು. ಊರಿನ ಏಳಿಗೆಯನ್ನು ಮುಂದಿಟ್ಟವರು, ಮಾದೇಶ್ವರನು ಕಾಡನ್ನು ಜನರ ನೆಲೆಯನ್ನಾಗಿ ಮಾಡಿದವನಲ್ಲವೆ, ದನಕಾಯುವವರಿಗೆ ಒಲಿದವನಲ್ಲವೆ ಎಂದರು. ಒಂದೇ ಕಾವ್ಯವು ಎದುರುಬದುರಾದ ಎರಡು ವಾದಗಳಿಗೆ ಸಾಕ್ಷಿಯಾಗಿ ನಿಂತಾಗ, ಕಾವ್ಯದಲ್ಲಿ ನಿಜವಾಗಿ ಇರುವುದೇನೆಂದು ಕೇಳುವುದು ಸಾಹಿತ್ಯವಿಮರ್ಶೆಯ ಕರ್ತವ್ಯವೇ ಸರಿ. ಈ ಲೇಖನದ ಉದ್ದೇಶವು ಅಷ್ಟೇ.

ಕಾವ್ಯದ ಪಾಠದ ವಿಷಯದಲ್ಲಿ ಒಂದು ಮಾತು. ಇದು ಒಬ್ಬ ಕವಿಯು ಬರೆದಿಟ್ಟುದಲ್ಲ. ಹಾಡುಗಾರರ ಬಾಯಲ್ಲಿ ಬೆಳೆದುದು. ಇದರ ಭಾಗಗಳನ್ನು ಸಾಲುಗಳೆಂದು ಕರೆಯುವರು. ೧೯೭೩ರಲ್ಲಿ ಪಿ. ಕೆ. ರಾಜಶೇಖರ ಅವರು ಸಂಪಾದಿಸಿದ ಪಾಠವೂ, ೧೯೯೭ರಲ್ಲಿ ಕೇಶವನ್ ಪ್ರಸಾದ್ ಅವರ ಸಂಪಾದನೆಯಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಪ್ರಕಟಿಸಿದ ಪಾಠವೂ ಅಚ್ಚಿನಲ್ಲಿ ದೊರೆಯತಕ್ಕವು. ಇಂಗ್ಲಿಷಿನ ಅನುವಾದವನ್ನು ಸಾಹಿತ್ಯ ಅಕಾಡೆಮಿಯು ೨೦೦೧ರಲ್ಲಿ ಹೊರತಂದಿತು. ಮೇಳದಿಂದ ಮೇಳಕ್ಕೆ ಕಥೆಯ ವಿವರಗಳು ಬೇರೆಯಾಗುವುವು. ಆದುದರಿಂದ ಯಾವುದಾದರೊಂದು ಪಾಠದ ಒಂದು ಮಾತನ್ನು ಹಿಡಿದು ತೀರ್ಪು ಹೇಳುವುದು ಸಲ್ಲದು. ಎಲ್ಲ ಪಾಠಗಳಲ್ಲಿಯೂ ಕದಲದೆ ನಿಂತಿರುವ ಕಥೆಯ ಎಲುಬನ್ನು ಮಾತ್ರ ನಾವು ಆಧಾರವಾಗಿಟ್ಟುಕೊಳ್ಳುವೆವು.

ಮೊದಲು, ಮಾದೇಶ್ವರನು ಕಾಡನ್ನು ಗೆದ್ದವನೆಂಬ ಅಭಿಪ್ರಾಯವನ್ನು ಪರೀಕ್ಷಿಸೋಣ. ಆತನು ಏಳುಮಲೆಗೆ ಬಂದು ನೆಲೆಸಿದನು, ಹುಲಿಯನ್ನು ವಾಹನವಾಗಿ ಮಾಡಿಕೊಂಡನು, ಶ್ರವಣದೊರೆಯನ್ನು ಸಂಹರಿಸಿದನು; ಆದುದರಿಂದ ಇದು ಕಾಡನ್ನು ಪಳಗಿಸಿ ನಾಡನ್ನು ಮಾಡಿದ ವೀರನ ಕಥೆಯೆಂದು ಕೆಲವರು ತಿಳಿಯುವರು. ಆದರೆ ಶತ್ರುವು ಯಾರೆಂಬುದನ್ನು ನೋಡಬೇಕು. ಶ್ರವಣನು ಕಾಡಿನ ಮೃಗವಲ್ಲ. ಬಂಕಾಪುರಿಯೆಂಬ ರಾಜಧಾನಿಯ ದೊರೆ. ದೇವತೆಗಳನ್ನೇ ಸೆರೆಹಿಡಿದು ಊಳಿಗ ಮಾಡಿಸಿಕೊಂಡವನು. ಅವನ ದೋಷವು ಕಾಡುತನದ್ದಲ್ಲ, ಅಧಿಕಾರದ್ದು. ಕಾವ್ಯದಲ್ಲಿ ಸಂಹಾರಕ್ಕೆ ತಕ್ಕವನಾಗಿ ನಿಂತಿರುವುದು ಕೋಟೆಯೇ ಹೊರತು ಕಾಡಲ್ಲ. ಹುಲಿಯನ್ನಾದರೋ ಮಾದೇಶ್ವರನು ಕೊಲ್ಲುವುದಿಲ್ಲ, ಏರುತ್ತಾನೆ. ಕೊಲ್ಲುವುದಕ್ಕೂ ಏರುವುದಕ್ಕೂ ಇರುವ ಅಂತರವು ಸಣ್ಣದಲ್ಲ. ಏರುವವನಿಗೆ ಹುಲಿಯು ಬದುಕಿರಬೇಕು.

ಆ ಏಳು ಮಲೆಗಳ ಹೆಸರುಗಳನ್ನೂ ಕಿವಿಗೊಟ್ಟು ಕೇಳಬಹುದು: ಆನೆಮಲೆ, ಜೇನುಮಲೆ, ಕಾನುಮಲೆ, ಪಚ್ಚೆಮಲೆ, ಪವಳಮಲೆ, ಪೊನ್ನಾಚಿಮಲೆ, ಕೊಂಗುಮಲೆ. ಮೊದಲ ಮೂರು ಮಲೆಗಳಿಗೆ ಆನೆಯೂ ಜೇನೂ ಕಾನೂ ಹೆಸರು ಕೊಟ್ಟಿವೆ. ಗೆದ್ದವನು ಗೆದ್ದ ನೆಲಕ್ಕೆ ತನ್ನ ಹೆಸರನ್ನಿಡುವುದು ಲೋಕದ ವಾಡಿಕೆ. ಇಲ್ಲಿಯೋ ಬಂದವನು ಇದ್ದ ಹೆಸರುಗಳನ್ನೇ ಒಪ್ಪಿಕೊಂಡು, ತಾನೇ ಮಲೆಯ ಮಾದೇಶ್ವರನೆನಿಸಿಕೊಂಡಿದ್ದಾನೆ. ಮಲೆಯು ದೇವರಿಗೆ ಹೆಸರು ಕೊಟ್ಟಿತೇ ಹೊರತು ದೇವರು ಮಲೆಗೆ ಕೊಟ್ಟುದಲ್ಲ.

ಇನ್ನು ಎರಡನೆಯ ಅಭಿಪ್ರಾಯ. ಈ ಕಾವ್ಯವು ಮನುಷ್ಯರ ಹೆಜ್ಜೆ ಬೀಳದ ಕಾಡಿನ ಸ್ತೋತ್ರವೆಂದು ಪಟ್ಟಣದ ಕೆಲವು ರಸಿಕರು ಬಗೆದಿರುವರು. ಇದೂ ನಿಲ್ಲತಕ್ಕ ಮಾತಲ್ಲ. ಕಾವ್ಯದ ಕಾಡು ಜನರಿಂದ ತುಂಬಿದುದು. ಮಾದೇಶ್ವರನೇ ಸುತ್ತೂರಿನ ಮಠದಲ್ಲಿ ರಾಗಿ ಬೀಸಿದವನು. ದುಡಿಮೆಯ ಬೆವರನ್ನು ಅರಿತು ಮಲೆಯನ್ನೇರಿದವನು. ಆತನಿಗೆ ಗುಡಿಯನ್ನು ಕಟ್ಟಿಸಿದವನು ಆಲಂಬಾಡಿಯ ಜುಂಜೇಗೌಡನೆಂದು ಕಥೆ ಹೇಳುವುದು. ಅವನಾದರೋ ಕುರಿಹಿಂಡುಗಳ ಒಡೆಯ. ಆಲಂಬಾಡಿಯು ಕಾವೇರಿಯ ದಡದ ಊರು; ಆ ಹೆಸರಿನ ದನದ ತಳಿಯೊಂದು ಈಗಲೂ ಉಂಟು. ಅದರ ನೆರೆಯಲ್ಲಿ, ಈರೋಡು ಜಿಲ್ಲೆಯ ಬರಗೂರು ಬೆಟ್ಟಗಳಲ್ಲಿ, ಕನ್ನಡವನ್ನಾಡುವ ಲಿಂಗವಂತರು ಬರಗೂರು ತಳಿಯ ಕೆಂಪುದನಗಳನ್ನು ಕಾಡಿನ ದೊಡ್ಡಿಗಳಲ್ಲಿಯೇ ಸಾಕಿಕೊಂಡು ಬಂದಿರುವರು. ಕುರಿದನಗಳಿಲ್ಲದ ಮಾದೇಶ್ವರನ ಕಾವ್ಯವನ್ನು ಕಲ್ಪಿಸಿಕೊಳ್ಳುವುದಕ್ಕೇ ಆಗದು. ಹೀಗಿರಲು, ಈ ಕಾವ್ಯವನ್ನು ಹಿಡಿದು ದನಗಾಹಿಗಳನ್ನು ಕಾಡಿನ ಶತ್ರುಗಳೆನ್ನುವವರು ಕಾವ್ಯದ ಅರ್ಧವನ್ನು ಮಾತ್ರ ಕೇಳಿದವರು.

ಆದರೆ ಸಿರಿಗೆ ಕಾವ್ಯವು ಕಟ್ಟು ಹಾಕದೆ ಬಿಟ್ಟಿಲ್ಲ. ಬೇವಿನಹಟ್ಟಿ ಕಾಳಮ್ಮನು ತನ್ನ ಸಂಪತ್ತಿನ ಗರ್ವದಿಂದ ಭಿಕ್ಷೆಗೆ ಬಂದ ಜಂಗಮನನ್ನು ತುಚ್ಛೀಕರಿಸಿ ಸರ್ವಸ್ವವನ್ನೂ ಕಳೆದುಕೊಳ್ಳುವಳು. ಸಿರಿಯಿರುವುದು ತಪ್ಪಲ್ಲ, ಕೇಳಿ ಬಂದವನಿಗೆ ಪಾಲಿಲ್ಲವೆನ್ನುವುದು ತಪ್ಪು. ಜುಂಜೇಗೌಡನಿಗೂ ಕಾಳಮ್ಮನಿಗೂ ಇರುವ ವ್ಯತ್ಯಾಸವು ಹಿಂಡಿನ ಗಾತ್ರದಲ್ಲಿಲ್ಲ, ಕೈಯಲ್ಲಿದೆ. ಒಬ್ಬನ ಕೈ ಕೊನೆಗೆ ತೆರೆಯಿತು, ಮತ್ತೊಬ್ಬಳದು ಮುಚ್ಚಿತು.

ಈ ಎರಡು ಅಭಿಪ್ರಾಯಗಳನ್ನೂ ಬಿಟ್ಟಮೇಲೆ ಉಳಿಯುವುದೇನು? ನಮ್ಮ ತಿಳಿವಳಿಕೆಯಲ್ಲಿ, ಈ ಪ್ರಶ್ನೆಗೆ ಕಾವ್ಯದ ಉತ್ತರವಿರುವುದು ಸಂಕಮ್ಮನ ಸಾಲಿನಲ್ಲಿ. ಕಥೆಯು ಸರ್ವರಿಗೂ ತಿಳಿದುದು. ಸೋಲಿಗರ ನೀಲೇಗೌಡನು ಜೇನು ಬೇಟೆಗಳ ಕಾಡುಬದುಕಿಗೆಂದು ಮಡದಿಯನ್ನು ಬಿಟ್ಟು ಹೊರಡುವಾಗ, ತಾನು ಬರುವ ತನಕ ಪತಿವ್ರತೆಯಾಗಿರುವೆನೆಂದು ಭಾಷೆ ಕೊಡೆಂದು ಕೇಳುವನು. ಸಂಕಮ್ಮನು ಕೊಡಲೊಲ್ಲಳು. ತಪ್ಪು ಮಾಡದವಳಿಂದ ಆಣೆಯನ್ನು ಕೇಳುವುದೇ ತಪ್ಪೆಂಬುದು ಅವಳ ನಿಲವು. ನೀಲೇಗೌಡನು ಕೋಪದಿಂದ ಅವಳನ್ನು ಹಿಂಸಿಸಿ, ಕಾಡಿನ ನಡುವೆ ಕಟ್ಟಿಹಾಕಿ ಹೊರಟುಹೋಗುವನು. ಮಾದೇಶ್ವರನು ಬಂದು ಅವಳ ಕಟ್ಟನ್ನು ಬಿಡಿಸಿ, ಕಾರಯ್ಯ ಬಿಲ್ಲಯ್ಯರೆಂಬ ಮಕ್ಕಳ ವರವನ್ನು ಕೊಡುವನು. ಹಿಂದಿರುಗಿದ ಗಂಡನು ಮತ್ತೆ ಸಂಶಯಪಟ್ಟು ಪರೀಕ್ಷೆಗಳನ್ನೊಡ್ಡಿ, ಕೊನೆಗೆ ತಾನೇ ತಲೆಬಾಗುವನು.

ಇದನ್ನು ಕೇಳುವವರು ಸಾಮಾನ್ಯವಾಗಿ ಪವಾಡದ ಕಡೆಗೆ ಮನಸ್ಸು ಕೊಡುವರು. ನಾವು ಭಾಷೆಯ ಕಡೆಗೆ ಮನಸ್ಸು ಕೊಡಬೇಕೆಂದು ಕೇಳಿಕೊಳ್ಳುವೆವು. ನೀಲೇಗೌಡನ ಬದುಕಿಗೆ ಎರಡು ತುದಿ: ಒಂದು ಕಾಡು, ಒಂದು ಮನೆ. ಕಾಡಿಗೆ ಹೋಗದೆ ಮನೆ ನಡೆಯದು. ಮನೆಯ ಮೇಲೆ ನಂಬಿಕೆಯಿಲ್ಲದೆ ಕಾಡಿಗೆ ಹೋಗಲಾಗದು. ಇವೆರಡನ್ನೂ ಕೂಡಿಸತಕ್ಕುದು ನಂಬಿಕೆಯೊಂದೇ. ಅವನು ಆ ನಂಬಿಕೆಯನ್ನು ಹಗ್ಗದಿಂದ ಪಡೆಯಹೊರಟನು. ಹಗ್ಗದಿಂದ ಸಿಕ್ಕಿದುದು ಭಾಷೆಯಾಗದು, ಸೆರೆಯಾಗುವುದು ಎಂಬುದೇ ಈ ಸಾಲಿನ ತಿರುಳು. ದೇವರು ಬಂದು ಬಿಡಿಸಿದುದು ಆ ಕಟ್ಟನ್ನು. ಕಾವ್ಯವು ಭಾಷೆಯನ್ನು ಹೀನಾಯ ಮಾಡುವುದಿಲ್ಲ. ಬಲಾತ್ಕಾರದ ಭಾಷೆಯನ್ನು ಮಾತ್ರ ಒಪ್ಪುವುದಿಲ್ಲ.

ಇಷ್ಟು ಹೇಳಿದಮೇಲೆ ಕಾವ್ಯದ ಕೊರತೆಯನ್ನೂ ಹೇಳದಿದ್ದರೆ ವಿಮರ್ಶೆಯು ಸ್ತುತಿಯಾಗುವುದು. ಮೊದಲನೆಯದಾಗಿ, ಇಲ್ಲಿ ಕಷ್ಟಗಳೆಲ್ಲ ಪವಾಡದಿಂದ ಪರಿಹಾರವಾಗುವುವು. ಕಾಡಿನ ಜನರು ಜೇನನ್ನು ಎಷ್ಟು ತೆಗೆದರು, ಎಷ್ಟು ಬಿಟ್ಟರು, ಮೇವು ಯಾರ ಪಾಲಾಯಿತು ಎಂಬ ಲೆಕ್ಕವನ್ನು ಹಾಡುಗಾರನು ಹೇಳುವ ಗೋಜಿಗೆ ಹೋಗುವುದಿಲ್ಲ. ಎರಡನೆಯದಾಗಿ, ನೋವನ್ನು ಉಣ್ಣುವವಳು ಸಂಕಮ್ಮ, ಬುದ್ಧಿ ಕಲಿಯುವವನು ನೀಲೇಗೌಡ. ಒಬ್ಬನ ಪಾಠಕ್ಕೆ ಇನ್ನೊಬ್ಬಳ ಮೈ ಬೆಲೆಯಾಗಬೇಕೆ ಎಂಬ ಪ್ರಶ್ನೆಯನ್ನು ಕಾವ್ಯವು ಎತ್ತುವುದಿಲ್ಲ. ಮೂರನೆಯದಾಗಿ, ಒಲಿಯದವರನ್ನು ಒಲಿಸುವುದಕ್ಕೆ ದೇವರೇ ಕೆಲವು ವೇಳೆ ರೋಗರುಜಿನಗಳನ್ನು ತರುವನು. ಹಗ್ಗವನ್ನು ಬಿಡಿಸಿದ ಕೈಯೇ ಬೇರೆಡೆಯಲ್ಲಿ ಹಗ್ಗವನ್ನು ಹಿಡಿದಂತಾಯಿತು. ಆದುದರಿಂದ ಈ ಕಾವ್ಯವನ್ನು ಅರಣ್ಯಶಾಸ್ತ್ರದ ಕೈಪಿಡಿಯಂತೆ ಓದುವುದು ಕಾವ್ಯಕ್ಕೂ ಅನ್ಯಾಯ, ಅರಣ್ಯಕ್ಕೂ ಅನ್ಯಾಯ. ಅದು ಕೊಡತಕ್ಕುದು ಉಪಾಯವನ್ನಲ್ಲ, ಒಂದು ಮಾನದಂಡವನ್ನು.

ಆ ಮಾನದಂಡದಿಂದ ನಮ್ಮ ಕಾಡಿನ ಈಚಿನ ಚರಿತ್ರೆಯನ್ನು ಅಳೆಯೋಣ. ಕೊಳ್ಳೇಗಾಲದ ಸೀಮೆಯು ೧೯೫೬ರವರೆಗೆ ಕೊಯಮುತ್ತೂರು ಜಿಲ್ಲೆಗೆ ಸೇರಿದ್ದು, ಇಲ್ಲಿಯ ಕಾಡುಗಳು ೧೮೮೨ರ ಮದರಾಸು ಅರಣ್ಯ ಶಾಸನಕ್ಕೆ ಒಳಪಟ್ಟಿದ್ದುವು. ಅನಂತರ ೧೯೮೭ರಲ್ಲಿ ಕಾವೇರಿ ವನ್ಯಜೀವಿಧಾಮವೂ, ೨೦೧೩ರಲ್ಲಿ ಸುಮಾರು ೯೦೬ ಚದರ ಕಿಲೋಮೀಟರಿನ ಮಲೆ ಮಹದೇಶ್ವರ ವನ್ಯಜೀವಿಧಾಮವೂ ಏರ್ಪಟ್ಟುವು. ಕಾಡಿಗೆ ಕಾಪು ಬೇಕಾಗಿತ್ತೆಂಬುದರಲ್ಲಿ ಸಂಶಯವಿಲ್ಲ. ಗಂಧವೂ ದಂತವೂ ಹೇಗೆ ಸೂರೆಹೋದುವೆಂಬುದನ್ನು ಈ ಸೀಮೆಯ ಜನರಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ಆದರೆ ಕಾಪಿನ ಹೆಸರಿನಲ್ಲಿ ಕಾಡಿನವರ ಅರಿವಿಗೂ ಕಟ್ಟು ಬಿದ್ದಿತು. ಸೋಲಿಗರು ತರಗುಬೆಂಕಿಯೆಂದು ಕರೆಯುವ, ಬೇಸಗೆಯ ಮೊದಲಲ್ಲಿ ನೆಲದ ಒಣಗಿದ ಎಲೆಯನ್ನು ಮಾತ್ರ ಸುಡುವ ಸಣ್ಣ ಬೆಂಕಿಯು ನಿಂತಿತು. ಅದು ನಿಂತುದರಿಂದಲೇ ಲಂಟಾನದ ಪೊದೆಯು ಹಬ್ಬಿತೆಂದು ಸೋಲಿಗರ ಹಿರಿಯರು ಹೇಳುವರು. ವಿದ್ವಾಂಸರಲ್ಲಿಯೂ ಇದನ್ನು ಒಪ್ಪುವವರುಂಟು. ಇಂದು ಬಿಳಿಗಿರಿರಂಗನ ಬೆಟ್ಟದಲ್ಲಿಯೂ ಈ ಮಲೆಗಳಲ್ಲಿಯೂ ಲಂಟಾನವು ಹುಲ್ಲನ್ನು ನುಂಗಿ ನಿಂತಿದೆ. ಹುಲ್ಲು ಕಡಿಮೆಯಾದರೆ ಜಿಂಕೆಗೂ ಕಡಿಮೆ, ದನಕ್ಕೂ ಕಡಿಮೆ. ಹಸಿದ ಹುಲಿಯೂ ಹಸಿದ ದನವೂ ಒಂದೆಡೆ ಸೇರುವುದಕ್ಕೆ ಇದೂ ಒಂದು ದಾರಿಯಾಗದಿರದು. ಆದರೆ ದೋಷವನ್ನು ಹೊರಿಸುವಾಗ ಮಾತ್ರ ಎಲ್ಲರ ಬೆರಳೂ ದನಗಾಹಿಯ ಕಡೆಗೇ ತಿರುಗುವುದು.

ಈ ಅನುಭವವು ನಮ್ಮ ಮಲೆಗಳಿಗೆ ಮಾತ್ರ ಸಲ್ಲತಕ್ಕುದೆಂದು ಯಾರೂ ಭಾವಿಸದಿರಲಿ. ಈ ಬೆಟ್ಟಗಳ ಮಗ್ಗುಲಲ್ಲಿ ಹರಿಯುವ ಕಾವೇರಿಯು ಇಲ್ಲಿಯ ಪಾಲಾರನ್ನು ಕೂಡಿಸಿಕೊಂಡು, ೧೯೩೪ರಲ್ಲಿ ಮುಗಿದ ಮೆಟ್ಟೂರಿನ ಅಣೆಕಟ್ಟನ್ನು ದಾಟಿ, ಕವಲೊಡೆದು ಕೊಳ್ಳಿಡಂ ಎಂಬ ಹೆಸರಿನಿಂದ ಚಿದಂಬರದ ಬಳಿ ಕಡಲನ್ನು ಸೇರುವುದು. ಅಲ್ಲಿ, ಕೊಳ್ಳಿಡಂ ಮತ್ತು ವೆಳ್ಳಾರುಗಳ ಅಳಿವೆಗಳ ನಡುವೆ, ಪಿಚ್ಚಾವರಂ ಎಂಬ ಕಾಂಡ್ಲಾವನವಿದೆ. ಕಾಂಡ್ಲಾವೆಂದರೆ ಉಪ್ಪುನೀರಿನ ಕೆಸರಿನಲ್ಲಿ ಬೇರೂರಿ ಬೆಳೆಯತಕ್ಕ ಗಿಡ. ನಮ್ಮ ಕುಂದಾಪುರ, ಕುಮಟೆಗಳ ಕಡೆಯವರಿಗೆ ಪರಿಚಿತವಾದುದು. ಉಪ್ಪನ್ನು ತಾಳಿಕೊಂಡರೂ ಅದು ಸೊಂಪಾಗಿ ಬೆಳೆಯಬೇಕಾದರೆ ಹೊಳೆಯ ಸಿಹಿನೀರೂ ಬಂದು ಬೆರೆಯಬೇಕು. ಮಲೆಯ ಕಾಡು ಹೊಳೆಯ ತಲೆಗೆ ಕಾವಲಾದರೆ ಕಾಂಡ್ಲಾವನವು ಅದರ ಕಾಲಿಗೆ ಕಾವಲು.

ಪಿಚ್ಚಾವರದ ಕಥೆಯು ನಮಗೆ ಕನ್ನಡಿಯಂತಿದೆ. ಹಿಂದೆ ಅರಣ್ಯದ ಅಧಿಕಾರಿಗಳೇ ಪಾಳಿಯ ಮೇಲೆ ಕಾಂಡ್ಲಾವನ್ನು ಬುಡಮಟ್ಟ ಕಡಿಸುತ್ತಿದ್ದರು. ಕಡಿದ ಬಯಲಿನ ನೆಲವು ಕುಗ್ಗಿ ತಟ್ಟೆಯಂತಾಯಿತು. ಭರತದ ನೀರು ಒಳಗೆ ನಿಂತು ಬತ್ತಿ ಉಪ್ಪು ಏರಿತು. ಗಿಡವು ಮತ್ತೆ ಚಿಗುರಲಿಲ್ಲ. ದೋಷವನ್ನಾದರೋ ಬಹುಕಾಲ ಸೌದೆ ತರುವ, ದನ ಬಿಡುವ ಹಳ್ಳಿಗರ ಮೇಲೆ ಹೊರಿಸಿದರು. ೧೯೯೦ರ ದಶಕದಲ್ಲಿ ಎಂ. ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನದವರು ನಿಜವಾದ ಕಾರಣವನ್ನು ಕಂಡುಹಿಡಿದು, ಅರಣ್ಯ ಇಲಾಖೆಯನ್ನೂ ಹಳ್ಳಿಗರನ್ನೂ ಕೂಡಿಸಿಕೊಂಡು, ಮೀನಿನ ಮುಳ್ಳಿನ ಆಕಾರದಲ್ಲಿ ಕಾಲುವೆಗಳನ್ನು ತೋಡಿಸಿದರು. ನೀರು ಬಂದುಹೋಗತೊಡಗಿತು, ನೆಟ್ಟ ಸಸಿ ಹಿಡಿಯಿತು. ೨೦೦೪ರ ಡಿಸೆಂಬರ್ ೨೬ರ ಸುನಾಮಿಯಲ್ಲಿ ಈ ವನದ ಮರೆಯಲ್ಲಿದ್ದ ಊರುಗಳಿಗೆ ಹಾನಿ ಕಡಿಮೆಯಾಯಿತೆಂದು ಅನೇಕ ಶಾಸ್ತ್ರಜ್ಞರು ಬರೆದಿರುವರು. ಕಡಲಿನಿಂದ ದೂರವೂ ನೆಲದ ಎತ್ತರವೂ ಕಾರಣಗಳೆಂದು ಹೇಳುವವರೂ ಉಂಟು. ಎರಡನ್ನೂ ಒಪ್ಪಿಕೊಂಡರೂ, ಕಾಂಡ್ಲಾವಿದ್ದ ಊರು ಕಾಂಡ್ಲಾವನ್ನು ಕಳೆದುಕೊಳ್ಳಲು ಬಯಸದೆಂಬುದು ಸ್ಪಷ್ಟ. ೨೦೨೨ರಲ್ಲಿ ಪಿಚ್ಚಾವರವೂ, ೨೦೨೪ರಲ್ಲಿ ನಮ್ಮ ಅಘನಾಶಿನಿಯ ಅಳಿವೆಯೂ ರಾಮ್ಸಾರ್ ಒಡಂಬಡಿಕೆಯ ಪಟ್ಟಿಗೆ ಸೇರಿದುವು.

ಆ ಕರಾವಳಿಯ ವಿವಾದದಿಂದ ನಾವು ಕಲಿಯತಕ್ಕ ಇನ್ನೊಂದು ವಿವೇಕವಿದೆ. ಸಿಗಡಿ ಸಾಕುವ ಉದ್ಯಮವು ಕಡಲಂಚನ್ನು ಆಕ್ರಮಿಸಿದಾಗ, ೧೯೯೬ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕರಾವಳಿಯ ನಿಯಂತ್ರಿತ ವಲಯದೊಳಗಣ ಉದ್ಯಮದ ಕೊಳಗಳನ್ನು ತೆಗೆಯಿಸಬೇಕೆಂದು ಆಜ್ಞಾಪಿಸಿತು; ಆದರೆ ಸಂಪ್ರದಾಯದ ರೀತಿಯಲ್ಲಿ ಸಿಗಡಿ ಬೆಳೆಸುವವರನ್ನು ಆ ನಿಷೇಧದಿಂದ ಹೊರಗಿಟ್ಟಿತು. ಹೊಟ್ಟೆಪಾಡನ್ನೂ ಕೊಳ್ಳೆಯನ್ನೂ ಒಂದೇ ಹಗ್ಗದಲ್ಲಿ ಕಟ್ಟಬಾರದೆಂಬುದು ಅದರ ತಾತ್ಪರ್ಯ. ನಮ್ಮ ಮಲೆಗಳಲ್ಲಿಯೂ ಅದೇ ಭೇದವನ್ನು ಕಾಣಬೇಕಾಗಿದೆ. ತನ್ನ ನಾಲ್ಕು ಹಸುಗಳನ್ನು ಕಾಡಂಚಿಗೆ ಹೊಡೆಯುವ ಬಡವನು ಬೇರೆ. ಹೊರಗಿನ ಒಡೆಯರ ನೂರಾರು ದನಗಳನ್ನು ಗೊಬ್ಬರದ ವ್ಯಾಪಾರಕ್ಕಾಗಿ ಒಳಗಾಡಿನಲ್ಲಿ ತಂಗಿಸುವ ಹಿಂಡು ಬೇರೆ. ಹುಲಿಗಳು ಸತ್ತ ಮರುತಿಂಗಳೇ, ೨೦೨೫ರ ಜುಲೈಯಲ್ಲಿ, ಕಾಡಿನಲ್ಲಿ ದನ ಮೇಯಿಸುವುದನ್ನು ತಡೆಯಬೇಕೆಂದು ಅರಣ್ಯ ಸಚಿವರ ಸೂಚನೆ ಹೊರಟಾಗ ಕಾಡಂಚಿನ ಊರುಗಳಲ್ಲಿ ಎದ್ದ ಕಳವಳಕ್ಕೆ, ಈ ಭೇದವು ಮಸುಕಾದುದೇ ಮುಖ್ಯ ಕಾರಣವೆಂದು ನಮಗೆ ತೋರುವುದು.

ಹಗ್ಗವಿಲ್ಲದ ಭಾಷೆಯು ಈ ಕಾಲದಲ್ಲಿ ಸಾಧ್ಯವೆ ಎಂದು ಕೇಳುವವರಿಗೆ ಎರಡು ನಿದರ್ಶನಗಳನ್ನು ಕೊಡಬಹುದು. ೨೦೦೬ರ ಅರಣ್ಯ ಹಕ್ಕು ಶಾಸನದ ಮೇರೆಗೆ ೨೦೧೧ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ೨೫ ಗ್ರಾಮಸಭೆಗಳಿಗೆ ಸಮುದಾಯದ ಹಕ್ಕುಪತ್ರಗಳು ದೊರೆತುವು. ಹುಲಿಯ ಕಾಪಿನ ಕಾಡೊಳಗೇ ಜೇನು ನೆಲ್ಲಿಗಳ ಹಕ್ಕು ಕಾಡಿನವರದೆಂದು ಸರ್ಕಾರವು ಒಪ್ಪಿತು. ಹಕ್ಕು ಕೊಟ್ಟುದರಿಂದ ಎಲ್ಲ ತೊಡಕುಗಳೂ ತೀರಿದುವೆಂದು ನಾವು ಹೇಳುವುದಿಲ್ಲ. ಆದರೆ ಕಾಡಿನವನೂ ಕಾಡಿನ ಅಧಿಕಾರಿಯೂ ಸರಿಸಮನಾಗಿ ಕುಳಿತು ಮಾತಾಡುವುದಕ್ಕೆ ಒಂದು ಜಗಲಿ ದೊರೆಯಿತು.

ಎರಡನೆಯ ನಿದರ್ಶನವು ಇನ್ನೂ ಹತ್ತಿರದ್ದು, ಇನ್ನೂ ನೋವಿನದು. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರು ವೀರಪ್ಪನ್‌ನ ಹುಟ್ಟೂರಾದ ಗೋಪಿನಾಥದಲ್ಲಿಯೇ ಬೀಡುಬಿಟ್ಟು, ಜನರಿಗೆ ಔಷಧೋಪಚಾರ ಮಾಡಿಸಿ, ಮಾರಿಯಮ್ಮನ ಗುಡಿಯನ್ನು ಕಟ್ಟಿಸಿ, ದಾರಿತಪ್ಪಿದವರನ್ನು ಮಾತಿನಿಂದಲೇ ಹಿಂದಕ್ಕೆ ಕರೆಯತೊಡಗಿದರು. ಶರಣಾಗುವೆನೆಂಬ ಮಾತನ್ನು ನಂಬಿ ನಿರಾಯುಧರಾಗಿ ಹೋದ ಅವರನ್ನು ೧೯೯೧ರ ನವೆಂಬರ್ ೧೦ರಂದು ಮೋಸದಿಂದ ಕೊಂದರು. ಸರ್ಕಾರವು ಮರಣೋತ್ತರವಾಗಿ ಅವರಿಗೆ ಕೀರ್ತಿಚಕ್ರವನ್ನು ಕೊಟ್ಟಿತು. ಗೋಪಿನಾಥದ ಜನರಾದರೋ ಅವರ ಭಾವಚಿತ್ರವನ್ನು ಗುಡಿಯಲ್ಲಿಟ್ಟು ನೆನೆಯುವರು. ಭಾಷೆಯನ್ನು ನಂಬಿದವನು ಮಡಿದನು, ಆದುದರಿಂದ ನಂಬಿಕೆಯು ನಿಷ್ಫಲವೆಂದು ಒಬ್ಬರು ಹೇಳಬಹುದು. ನಾವು ಹಾಗೆ ಹೇಳಲಾರೆವು. ಭಾಷೆಯನ್ನು ಮುರಿದವನ ಹೆಸರು ಈ ಸೀಮೆಗೆ ಕಳಂಕವಾಯಿತು. ಭಾಷೆಯನ್ನಿಟ್ಟವನ ಹೆಸರು ಗುಡಿಯನ್ನು ಸೇರಿತು. ಯಾರಿಗೆ ಕೈ ಮುಗಿಯಬೇಕೆಂಬುದನ್ನು ಜನರು ತಪ್ಪದೆ ಆರಿಸಿಕೊಂಡರು.

ಈಗ ವಿವಾದದ ಒಂದು ಶಬ್ದದ ಮೇಲೆ ನಮ್ಮ ಆಕ್ಷೇಪಣೆಯನ್ನು ಹೇಳಿ ಮುಗಿಸುವೆವು. ಮಲೆಯಲ್ಲಿಯೂ ಕರಾವಳಿಯಲ್ಲಿಯೂ ಇಂದು ಎಲ್ಲರ ಬಾಯಲ್ಲಿರುವ ಶಬ್ದವು ಸಮತೋಲ: ಕಾಡಿಗೂ ಏಳಿಗೆಗೂ ಸಮತೋಲ ಬೇಕು, ಕಾಂಡ್ಲಾವಿಗೂ ಬಂದರಿಗೂ ಸಮತೋಲ ಬೇಕು. ಕೇಳಲು ಇಂಪಾದ ಮಾತು. ಆದರೆ ತೋಲವೆಂದರೆ ತೂಕ. ತೂಕಕ್ಕೆ ತಕ್ಕಡಿ ಬೇಕು. ತಕ್ಕಡಿಯನ್ನು ಹಿಡಿಯುವ ಕೈಯೊಂದು ಬೇಕು. ಆ ಕೈ ಯಾರದೆಂಬುದನ್ನು ಈ ಶಬ್ದವು ಮುಚ್ಚಿಡುವುದು. ಅದಲ್ಲದೆ ಕ್ಷೇತ್ರದ ರಸ್ತೆ, ಛತ್ರ, ವಿಗ್ರಹಗಳು ಒಂದು ತಟ್ಟೆಯಲ್ಲಿಯೂ ಕಾಡು ಇನ್ನೊಂದು ತಟ್ಟೆಯಲ್ಲಿಯೂ ಕುಳಿತರೆ, ನೀಲೇಗೌಡನಂತಹವರು ಯಾವ ತಟ್ಟೆಯಲ್ಲಿ ಕುಳಿತುಕೊಳ್ಳಬೇಕು? ಅವರ ಒಂದು ಕಾಲು ಕಾಡಿನಲ್ಲಿ, ಒಂದು ಕಾಲು ಊರಿನಲ್ಲಿ. ಕಾವ್ಯದ ಶಬ್ದವು ತೂಕವಲ್ಲ, ಭಾಷೆ. ತೂಗುವವನು ದೂರದಲ್ಲಿ ನಿಂತು ತೂಗಬಹುದು. ಭಾಷೆ ಕೊಡುವವನು ಎದುರಿಗೆ ಬಂದು ಕೈಯಲ್ಲಿ ಕೈಯಿಡಬೇಕು.

ಹಾಗೆ ಎದುರಿಗೆ ಬಂದರೆ ಎರಡು ಕಡೆಯವರೂ ಕೊಡಬೇಕಾದ ಭಾಷೆಯೇನೂ ಗೂಢವಾದುದಲ್ಲ. ಹುಲಿಯು ಹಸುವನ್ನು ಕೊಂದರೆ ಅದರ ಬೆಲೆಯು ತಿಂಗಳುಗಟ್ಟಲೆ ಅಲೆಸದೆ ಒಡೆಯನ ಕೈ ಸೇರುವುದೆಂದು ಸರ್ಕಾರವು ಭಾಷೆ ಕೊಡಬೇಕು. ಒಳಗಾಡಿಗೆ ಹೊರಗಿನ ಹಿಂಡನ್ನು ಬಿಡುವುದಿಲ್ಲವೆಂದೂ, ತಮ್ಮ ದನಗಳ ಮೇವಿನ ಎಲ್ಲೆಯನ್ನು ತಾವೇ ಗೊತ್ತುಮಾಡಿ ಕಾಯುವೆವೆಂದೂ ಊರವರು ಭಾಷೆ ಕೊಡಬೇಕು. ಬೆಟ್ಟಕ್ಕೆ ಬರುವ ಲಕ್ಷಾಂತರ ಭಕ್ತರು ಬಿಟ್ಟುಹೋಗುವ ಕಸವನ್ನು ಆನೆಯ ಬಾಯಿಗೆ ಹಾಕುವುದಿಲ್ಲವೆಂದು ಕ್ಷೇತ್ರದವರು ಭಾಷೆ ಕೊಡಬೇಕು. ವಿಷವಿಕ್ಕಿದ ಕೈಯನ್ನು ಕಾವ್ಯದ ಯಾವ ಸಾಲೂ ಸಮರ್ಥಿಸದು. ಆದರೆ ಸಂಕಮ್ಮನ ಸಾಲು, ಕಟ್ಟಿಹಾಕಿದ ಕೈಯನ್ನೂ ಸಮರ್ಥಿಸದು.

ಹುಲಿಗಳು ಸತ್ತ ಸುದ್ದಿಯು ಹರಡಿದ ಮೇಲೂ ಈ ದಾರಿಯಲ್ಲಿ ಕಂಸಾಳೆಯ ಸದ್ದು ನಿಂತಿಲ್ಲ, ನಿಲ್ಲಬೇಕಾದುದೂ ಇಲ್ಲ. ಮುಂದಿನ ಶಿವರಾತ್ರಿಗೆ ಗುಡ್ಡರು ಮತ್ತೆ ಹುಲಿಯನ್ನೇರಿದ ದೇವರನ್ನು ಹಾಡುತ್ತ ಕೌದಳ್ಳಿಯನ್ನು ದಾಟುವರು. ಆ ಪದವು ನಿಜವಾಗಿ ಉಳಿಯಬೇಕಾದರೆ ಕಲ್ಲು ಗಾರೆಗಳ ಹುಲಿಯೊಂದಿದ್ದರೆ ಸಾಲದು. ಮಲೆಯಲ್ಲಿ ಉಸಿರಾಡುವ ಹುಲಿಯೂ ಇರಬೇಕು, ಅದರ ಮಗ್ಗುಲಲ್ಲಿ ನೀಲೇಗೌಡನ ಒಲೆಯೂ ಉರಿಯಬೇಕು.